ಓಬಳೇಶ್ವರ ಟಾಕೀಸಿನ ಹೆಂಗಸರ ಬಾಗಿಲು

ರಾಯದುರ್ಗದಲ್ಲಿ ಸಿನಿಮಾ ತೋರಿಸದ ಒಂದು ಟಾಕೀಸಿದೆ. ಮುಂದಿನ ಗೋಡೆ ಒಡೆದು ಗಾಜು ಹಾಕಿದ್ದಾರೆ, ಮೇಲೆ ‘ಶಾಪಿಂಗ್ ಹಾಲ್’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಆದರೂ ಮಗಳಿಗೆ ಚೂಡಿದಾರ್ ತರಲು ಹೊರಟ ಹೆಂಗಸು ಪಕ್ಕದ ಮನೆಯವಳಿಗೆ “ಟಾಕೀಸಿಗೆ ಹೋಗಿ ಬರ್ತೀನ್ರಿ” ಎಂದೇ ಹೇಳುತ್ತಾಳೆ. ಅದರ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವಳು ನಾನು. ಓಬಳೇಶ್ವರ ಟಾಕೀಸು ಕಟ್ಟಿದವರು ಸಾವ್ಕಾರ ಓಬಣ್ಣ, ಅದನ್ನು ಅಂಗಡಿ ಮಾಡಿದವನು ಅವರ ಮಗ ಗೋವರ್ಧನ್. ಆದರೆ ನಮ್ಮ ಓಣಿಯವರನ್ನು ಕೇಳಿದರೆ ಅದು ಪಾಲಮ್ಮನ ಟಾಕೀಸು. ಹಾಗೆ ಯಾಕೆ ಅನ್ನುತ್ತೇವೆ ಎಂಬುದನ್ನು ಹೇಳುತ್ತೇನೆ.

ಪಾಲಮ್ಮ ಮದುವೆಯಾಗಿ ಊರಿಗೆ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ತವರು ಮಡಕಶಿರಾ ಸೀಮೆಯ ಅಮರಾಪುರದ ಹತ್ತಿರದ ಒಂದು ಹಳ್ಳಿ. ರಾಗಿ, ಕಡಲೆಕಾಯಿ, ಒಂದು ಹಟ್ಟಿ ಕುರಿ ಇದ್ದ ಮನೆ. ಗಂಡ ಹುಲುಗಪ್ಪ ದೂರದ ನೆಂಟನೇ. ಓಬಳೇಶ್ವರದಲ್ಲಿ ಆಪರೇಟರ್ ಆಗಿದ್ದ. ಮಹಡಿಯ ಕ್ಯಾಬಿನ್ನಿನಲ್ಲಿ ಮಿಷನ್ ಓಡಿಸುವುದು ಅವನ ಕೆಲಸ. ಮಾತು ಕಡಿಮೆ, ಮೈಗೆ ಸದಾ ಎಣ್ಣೆಯ ವಾಸನೆ. ಮಧ್ಯಾಹ್ನದ ಆಟ ಶುರುವಾಗುವ ಮುಂಚೆ ಅವನಿಗೆ ಬುತ್ತಿ ಕೊಟ್ಟು ಬರುವುದು ಹೊಸ ಹೆಂಡತಿಯ ಪಾಲಿಗೆ ಬಂತು.

ಆಗ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಜಾಗವಿತ್ತು. ಒಳಗೆ ಎದೆಮಟ್ಟದ ಗೋಡೆ ಎಬ್ಬಿಸಿ ಎಡಗಡೆಯ ಭಾಗವನ್ನು ಬೇರೆ ಮಾಡಿದ್ದರು. ಹೆಂಗಸರ ಟಿಕೆಟ್ಟಿಗೆ ಬೇರೆ ಕಿಂಡಿ, ಒಳಗೆ ಹೋಗಲು ಬೇರೆ ಗೇಟು. ಆ ಗೇಟಿನಲ್ಲಿ ಮಾತ್ರ ಗಂಡಸು ನಿಲ್ಲುತ್ತಿದ್ದ. ಹೊಸ ಸಿನಿಮಾ ಬಂದ ದಿನ ಅವನು ಹೆಂಗಸರನ್ನು ಕುರಿಗಳಂತೆ ತೋಳು ಹಿಡಿದು ತಳ್ಳುತ್ತಿದ್ದ. ಒಂದು ದಿನ ಬುತ್ತಿ ಹಿಡಿದು ಬಂದ ಪಾಲಮ್ಮನ ಕಣ್ಣೆದುರೇ ಒಬ್ಬ ಬಸುರಿಯನ್ನು ತಳ್ಳಿದ. ಪಾಲಮ್ಮ ಬುತ್ತಿಯನ್ನು ಕೆಳಗಿಟ್ಟು ಅವನ ಮುಂಗೈ ಹಿಡಿದುಕೊಂಡಳು.

“ಆವಮ್ಮನ ಮ್ಯಾಲೆ ಕೈ ಇಕ್ಬ್ಯಾಡ. ತಗಿ,” ಅಂದಳು.

ಕೂಗಲಿಲ್ಲ. ಕೈಯನ್ನೂ ಬಿಡಲಿಲ್ಲ. ಅವನು ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕುರಿ ಹಿಡಿದು ಉಣ್ಣೆ ಕತ್ತರಿಸಿದ ಕೈ ಅದು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮಾತಾಡತೊಡಗಿದರು. ಗದ್ದಲ ಕೇಳಿ ಓಬಣ್ಣನವರೇ ಹೊರಗೆ ಬಂದರು. ವಿಷಯ ತಿಳಿದುಕೊಂಡು ಆ ಆಳನ್ನು ಸೈಕಲ್ ಸ್ಟ್ಯಾಂಡಿಗೆ ಕಳಿಸಿ ಪಾಲಮ್ಮನನ್ನು ನೋಡಿದರು.

“ಹುಲುಗನ ಹೇಣ್ತಿ ಅಲ್ಲೇನವ್ವಾ ನೀನು? ನಾಳಿಂದ ಈ ಗೇಟಿಗೆ ನೀನ ನಿಂದ್ರು,” ಅಂದರು.

ಗೇಟಿಗೆ ಹೆಂಗಸು ಬಂದಳೆಂಬ ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಅಲ್ಲಿಯವರೆಗೆ ಗಂಡಂದಿರ ಜತೆಗಲ್ಲದೆ ಸಿನಿಮಾಕ್ಕೆ ಬಾರದವರೂ ಬರತೊಡಗಿದರು. ಕಣೇಕಲ್ಲಿನ ಕಡೆಯಿಂದ ನಾಟಿ ಮುಗಿಸಿದ ಹೆಂಗಸರು ಗುಂಪು ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಪಾಲಮ್ಮ ಎಲ್ಲರನ್ನೂ ಮಾತಾಡಿಸಿ ಒಳಗೆ ಬಿಡುತ್ತಿದ್ದಳು. ಹಸುಗೂಸಿನ ತಾಯಿಗೆ ಬಾಗಿಲ ಹತ್ತಿರದ ಬೆಂಚು, ಮೊಣಕಾಲು ನೋವಿನವರಿಗೆ ಗೋಡೆಯ ಪಕ್ಕದ ಜಾಗ. ಸಿನಿಮಾ ನೋಡಿ ಅತ್ತವರನ್ನು ಹೊರಗೆ ಹೋಗುವಾಗ “ಕಣ್ಣೊರಸ್ಕಂಡು ಓಗವ್ವಾ, ಮನ್ಯಾಗೆ ಯಾನೋ ಆಗೈತೆ ಅಂದ್ಕಂಡಾರು” ಎಂದು ನಗಿಸುತ್ತಿದ್ದಳು. ಅವಳ ಸೀಮೆಯ ಮಾತು ನಮ್ಮೂರಿನವರಿಗೆ ತಮಾಷೆ. ನಾವು ಹುಡುಗಿಯರು ಅವಳಂತೆ ಮಾತಾಡಿ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಅವಳ ಅಣ್ಣ ಗಂಗಣ್ಣನಿಗೆ ಮಾತ್ರ ಇದು ನಗುವ ವಿಷಯವಾಗಲಿಲ್ಲ. ಒಮ್ಮೆ ಕುರಿ ವ್ಯಾಪಾರಕ್ಕೆಂದು ರಾಯದುರ್ಗಕ್ಕೆ ಬಂದವನು ತಂಗಿಯ ಮನೆ ಹುಡುಕಿಕೊಂಡು ಹೊರಟ. ದಾರಿಯಲ್ಲಿ ಟಾಕೀಸಿನ ಗೇಟಿನಲ್ಲಿ ಹರಿದ ಟಿಕೆಟ್ಟುಗಳನ್ನು ಕೈಯಲ್ಲಿ ಹಿಡಿದು ನಿಂತ ತಂಗಿಯನ್ನು ಕಂಡ. ಮನೆಗೆ ಬಂದ ಮೇಲೆ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

“ನಮ್ಮನೆ ಎಣ್ಣುಮಗಳು ಸಿನಿಮಾ ಟೆಂಟಿನ ಬಾಗ್ಲಾಗೆ ನಿಂತ್ಕಂತಾಳೆ ಅಂದ್ರೆ ನಾನು ಊರಾಗೆ ಎಂಗಮ್ಮಿ ತಲೆ ಎತ್ಲಿ?” ಅಂದ.

“ನಾನೇನು ಕಳ್ತನ ಮಾಡ್ತಾ ಇದೀನಾ ಅಣ್ಣಾ?”

“ಅದು ಬ್ಯಾರೆ ಮಾತು. ಬಿಡ್ತೀಯೋ ಇಲ್ವೋ ಅದೇಳು.”

ಪಾಲಮ್ಮ ಬಿಡಲಿಲ್ಲ. ಅಣ್ಣ ಮುಂದೆ ಗೌರಿ ಹಬ್ಬಕ್ಕೆ ಕರೆಯಲು ಬರಲಿಲ್ಲ, ಯುಗಾದಿಗೆ ಸೀರೆ ಕಳಿಸಲಿಲ್ಲ. ತವರಿನ ದಾರಿ ಮುಚ್ಚಿತು. ಹಬ್ಬದ ದಿನ ಗೇಟಿನಲ್ಲಿ ನಿಂತಾಗ ಮಡಕಶಿರಾ ಕಡೆಯ ಮಾತು ಕಿವಿಗೆ ಬಿದ್ದರೆ ಅವಳ ಮುಖ ಒಂದು ಗಳಿಗೆ ಬಾಡುತ್ತಿತ್ತು ಎಂದು ನಮ್ಮ ತಾಯಿ ಹೇಳುತ್ತಿದ್ದರು.

ಅವಳ ಹೆಸರು ಊರಿಗೆಲ್ಲ ಗೊತ್ತಾದದ್ದು ಬೆಂಕಿ ಬಿದ್ದ ದಿನ. ಅದು ಭಕ್ತಿ ಚಿತ್ರದ ಮಧ್ಯಾಹ್ನದ ಆಟ. ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ, ನೆಲದ ಮೇಲೆಲ್ಲ ಮಕ್ಕಳು. ನಾನು ಅಮ್ಮನ ತೊಡೆಯ ಮೇಲಿದ್ದೆ. ಪರದೆಯ ಪಕ್ಕದ ಹಳೆಯ ಕರ್ಟನ್ನಿನ ಹಿಂದೆ ವೈರು ಸುಟ್ಟು ಹೊಗೆ ಬರತೊಡಗಿದ್ದನ್ನು ಮೊದಲು ಕಂಡವಳು ಗೇಟಿನಲ್ಲಿದ್ದ ಪಾಲಮ್ಮ. ಹೆಂಗಸರ ಗೇಟು ಇದ್ದದ್ದು ಅದೇ ಮೂಲೆಯಲ್ಲಿ. ಆ ಕಡೆ ಓಡಿದರೆ ಬೆಂಕಿಗೇ ಓಡಿದಂತೆ. ಹಿಂದುಗಡೆ ನಮ್ಮ ಓಣಿಗೆ ತೆರೆಯುವ ಒಂದು ಬಾಗಿಲಿತ್ತು. ಟಿಕೆಟ್ಟಿಲ್ಲದವರು ನುಸುಳುತ್ತಾರೆಂದು ಓಬಣ್ಣ ಅದಕ್ಕೆ ಬೀಗ ಹಾಕಿಸಿದ್ದರು. ಆಟ ಬಿಟ್ಟ ಮೇಲೆ ತೆಗೆಯಲೆಂದು ಕೀಲಿ ಪಾಲಮ್ಮನ ಸೊಂಟದಲ್ಲಿರುತ್ತಿತ್ತು.

ಅವಳು ಹೋಗಿ ಬೀಗ ತೆಗೆದಳು. ಎರಡೂ ಕದ ತೆರೆದಿಟ್ಟು, ದಿನವೂ ಕೂಗುವ ದನಿಯಲ್ಲೇ ಕೂಗಿದಳು. “ಇಂಟ್ರವಲ್ಲು ಬಿಟ್ಟೈತೆ. ಇವತ್ತು ಈ ಕಡೆ ಬಾಗ್ಲು. ಮಕ್ಳ ಕೈ ಇಡ್ಕಂಡು ಬರ್ರವ್ವಾ. ಹಿಂದಿನೋರು ಮೊದ್ಲು ಬರ್ರಿ.”

ಎಲ್ಲರೂ ಇಂಟರ್ವೆಲ್ ಎಂದೇ ಎದ್ದರು. ನನ್ನಮ್ಮ ಚಪ್ಪಲಿ ಹುಡುಕಿಕೊಂಡು ನಿಧಾನವಾಗಿಯೇ ಹೊರಟರು. ಪಾಲಮ್ಮ ಬಾಗಿಲ ಪಕ್ಕ ನಿಂತು ಒಬ್ಬೊಬ್ಬರ ಬೆನ್ನ ಮೇಲೆ ಕೈಯಿಟ್ಟು ಹೊರಗೆ ಸಾಗಿಸುತ್ತಿದ್ದಳು. ನಾವೆಲ್ಲ ಓಣಿಯಲ್ಲಿ ನಿಂತು ಸೋಡಾದವನು ಯಾಕೆ ಬಂದಿಲ್ಲ ಎಂದು ನೋಡುತ್ತಿರುವಾಗ ಮಾಡಿನಿಂದ ಕಪ್ಪು ಹೊಗೆ ಎದ್ದಿತು. ಗಂಡಸರ ಕಡೆ ನುಗ್ಗಾಟವಾಗಿ ಕೆಲವರ ಕೈಕಾಲು ಮುರಿದವು. ಹೆಂಗಸರಲ್ಲಿ, ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಕೊನೆಯವರು ಹೊರಬಿದ್ದ ಮೇಲೆ ಪಾಲಮ್ಮ ಮಹಡಿಗೆ ಓಡಿದಳು. ಹುಲುಗಪ್ಪ ಕರೆಂಟು ತೆಗೆದು, ಮರಳಿನ ಬಕೆಟ್ಟು ಹಿಡಿದು ಎದುರಿಗೆ ಇಳಿದು ಬರುತ್ತಿದ್ದ. ಮೆಟ್ಟಿಲ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರಂತೆ. ಆಮೇಲೆ ಅವಳೂ ಬಕೆಟ್ಟಿಗೆ ಕೈ ಹಚ್ಚಿ ಅವನ ಜತೆ ಕೆಳಗಿಳಿದಳಂತೆ.

ಪರದೆ, ಮಾಡಿನ ಒಂದು ಭಾಗ ಸುಟ್ಟಿತು. ಓಬಣ್ಣ ಎಲ್ಲವನ್ನೂ ಮತ್ತೆ ಕಟ್ಟಿಸಿದರು. ಓಣಿಯ ಬಾಗಿಲನ್ನು ಎರಡರಷ್ಟು ಅಗಲ ಮಾಡಿಸಿ, ಮೇಲೆ ‘ಹೆಂಗಸರಿಗೆ’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿದರು. ಅಲ್ಲಿಂದ ಮುಂದೆ ಅದೇ ಹೆಂಗಸರ ಬಾಗಿಲಾಯಿತು, ಪಾಲಮ್ಮ ಅಲ್ಲೇ ನಿಲ್ಲತೊಡಗಿದಳು.

ಆಮೇಲೆ ಊರು ಬದಲಾಯಿತು. ಕೇಬಲ್ ಬಂತು, ಸೀಡಿ ಬಂತು. ಅದಕ್ಕಿಂತ ಹೆಚ್ಚಾಗಿ ಜೀನ್ಸ್ ಬಂತು. ಬಳ್ಳಾರಿಯ ವ್ಯಾಪಾರಿಗಳು ಬಟ್ಟೆ ಕತ್ತರಿಸಿ ಕಳಿಸಿದರೆ ರಾಯದುರ್ಗದ ಮನೆಮನೆಯಲ್ಲಿ ಪ್ಯಾಂಟು ಹೊಲಿದು ಕೊಡುವ ಕಾಲ. ಕೂಲಿಗೆ ಬೆಂಗಳೂರು, ಬಳ್ಳಾರಿ ಎಂದು ಹೋಗಿದ್ದವರು ತಿರುಗಿ ಬಂದರು, ಸುತ್ತಿನ ಹಳ್ಳಿಗಳಿಂದ ಹೊಸಬರು ಬಂದು ಬಾಡಿಗೆ ಮನೆ ಹಿಡಿದರು. ಓಣಿಯಲ್ಲಿ ನಡೆದರೆ ಎರಡೂ ಕಡೆ ಮಿಷನ್ನಿನ ಸದ್ದು, ಚರಂಡಿಯಲ್ಲಿ ನೀಲಿ ನೀರು. ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದ ಹೆಂಗಸರಿಗೆ ಈಗ ಮಧ್ಯಾಹ್ನವೇ ಇರಲಿಲ್ಲ. ಓಬಣ್ಣ ತೀರಿಕೊಂಡ ಮೇಲೆ ಟಾಕೀಸು ಒಂದೆರಡು ವರ್ಷ ಕುಂಟಿ ನಿಂತುಹೋಯಿತು. ಕೊನೆಯ ಆಟಕ್ಕೆ ಹೆಂಗಸರ ಕಡೆ ಯಾರೂ ಬಂದಿರಲಿಲ್ಲ. ಹುಲುಗಪ್ಪ ಮಿಷನ್ನಿಗೆ ಬಟ್ಟೆ ಹೊದಿಸಿ ಕೆಳಗಿಳಿದು ಬಂದು, ಹೆಂಡತಿಯ ಜತೆ ಮನೆಗೆ ನಡೆದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಉಸಿರಾಟದ ತೊಂದರೆಯೂ ಶುರುವಾಗಿತ್ತು.

ಪಾಲಮ್ಮ ನಲವತ್ತು ದಾಟಿದ ಮೇಲೆ ಜೀನ್ಸಿಗೆ ಹೋದಳು. ಮೊದಲು ದಾರದ ತುದಿ ಕತ್ತರಿಸುವ ಕೆಲಸ, ಆಮೇಲೆ ಜೇಬು ಹಚ್ಚುವುದು, ಆಮೇಲೆ ಪೂರ್ತಿ ಪ್ಯಾಂಟು. ಕಲಿಸಿದವಳು ಅಂಬಮ್ಮ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮೇಜಿನ ಮುಂದೆ ಬಹಳ ವರ್ಷ ನಿಂತು ಬಂದವಳು. ಪಕ್ಕದ ಮಿಷನ್ನಿನಲ್ಲಿ ಕಣೇಕಲ್ಲು ಕಡೆಯ ಸುಂಕಮ್ಮ. ಅವಳ ಬಾಯಿ ಮಿಷನ್ನಿಗಿಂತ ಜೋರು. ಮೂವರಿಗೂ ಗೆಳೆತನ ಬೆಳೆಯಿತು. ಕೆಲವು ವರ್ಷ ಬಳ್ಳಾರಿಯ ಒಬ್ಬ ವ್ಯಾಪಾರಿ ಓಬಳೇಶ್ವರವನ್ನೇ ಬಾಡಿಗೆಗೆ ಹಿಡಿದು ಹೊಲಿಗೆ ಯೂನಿಟ್ಟು ಮಾಡಿದ. ಟಾಕೀಸಿನ ನೆಲ ಇಳಿಜಾರು. ಮಿಷನ್ನುಗಳು ಜಾರದಂತೆ ಕಾಲಡಿಗೆ ಇಟ್ಟಿಗೆ ಕೊಟ್ಟು, ಪರದೆ ಇದ್ದ ಖಾಲಿ ಗೋಡೆಗೆ ಮುಖಮಾಡಿ ಕೂತು ಹೆಂಗಸರು ಹೊಲಿದರು. ಹೊಲಿದ ಪ್ಯಾಂಟಿಗೆ ಯಾವ್ಯಾವುದೋ ಪರದೇಶದ ಹೆಸರಿನ ಲೇಬಲ್ಲು ಹಚ್ಚಿ ಲಾರಿಗೆ ತುಂಬುತ್ತಿದ್ದರು. ಒಮ್ಮೆ ಸುಂಕಮ್ಮ ಲೇಬಲ್ಲು ಕೈಯಲ್ಲಿ ಹಿಡಿದು, “ಅಕ್ಕಾ, ಇದು ಯಾವೂರ್ರಿ? ನಮ್ಮ ಕೆಲಸಕ್ಕ ಅವರ ಹೆಸರ್ಯಾಕ?” ಅಂದಳಂತೆ.

ಆ ವ್ಯಾಪಾರಿಯೂ ಒಂದು ದಿನ ಮಿಷನ್ನು ಕಟ್ಟಿಕೊಂಡು ಹೊರಟುಹೋದ. ಆಗ ಗೋವರ್ಧನ್ ಟಾಕೀಸನ್ನು ಅಂಗಡಿ ಮಾಡಲು ಹೊರಟ. ಇಳಿಜಾರಿಗೆ ಮಣ್ಣು ತುಂಬಿ ಸಮ ಮಾಡಿಸಿ ಟೈಲ್ಸ್ ಹಾಕಿಸಿದ. ಮುಂದೆ ಗಾಜಿನ ಬಾಗಿಲು, ಒಳಗೆ ಬಳೆಯಂಗಡಿ, ಚಪ್ಪಲಿಯಂಗಡಿ, ಮೊಬೈಲು, ಪಾತ್ರೆ, ಸೀರೆ. ಪ್ರಾರಂಭದ ದಿನ ಊರೇ ಬಂದು ನೋಡಿ ಹೋಯಿತು. ಆಮೇಲೆ ಯಾರೂ ಬರಲಿಲ್ಲ. ಗಾಜಿನ ಬಾಗಿಲ ಮುಂದೆ ಸಮವಸ್ತ್ರದ ಕಾವಲುಗಾರ, ಮೆಟ್ಟಿಲ ಮೇಲೆ ಮೊಬೈಲು ನೋಡುತ್ತ ಕೂತ ಹುಡುಗರು. ಜೀನ್ಸ್ ಹೊಲಿದು ಕೈ ನೀಲಿಯಾಗಿ ಬರುವ ಹೆಂಗಸರು ಆ ಬಾಗಿಲನ್ನು ನೋಡಿ ಹಾಗೇ ಮುಂದಕ್ಕೆ ಹೋಗುತ್ತಿದ್ದರು.

ಗೋವರ್ಧನ್ ಪಾಲಮ್ಮನನ್ನು ಕರೆಸಿದ. “ಪಾಲಕ್ಕ, ನಿಮ್ಮನ್ನ ಕಂಡ್ರ ಹೆಂಗಸರು ಬರ್ತಾರ. ಮೊದಲಿನಂಗ ಬಾಗಿಲಿಗೆ ನಿಂದ್ರಿ. ಸಂಬಳ ಕೊಡ್ತೀನಿ,” ಅಂದ.

ನಮ್ಮೂರಿಗೆ ಬಂದು ಅಷ್ಟು ವರ್ಷವಾದ ಮೇಲೆ ಪಾಲಮ್ಮನ ಮಾತು ಎರಡೂ ಸೀಮೆಯದಾಗಿತ್ತು. ಮುಖ್ಯವಾದ ಮಾತಾಡುವಾಗ ರಾಯದುರ್ಗದ ರೀತಿಗೇ ಬರುತ್ತಿದ್ದಳು.

“ಬಾಗಿಲಿಗೆ ನಿಂತದ್ದು ಸಾಕ್ರಿ ಗೋವರ್ಧನಪ್ಪ. ನನಗ ಅಂಗಡಿ ಕೊಡ್ರಿ. ಓಣಿ ಕಡೆ ಹೆಂಗಸರ ಜಾಗ ಇತ್ತಲ್ರಿ, ನೀವು ಸಾಮಾನು ತುಂಬೀರಿ ನೋಡ್ರಿ, ಅದನ್ನ ಕೊಡ್ರಿ.”

“ನೀವು ಏನ್ ಮಾರ್ತೀರಿ?”

“ಹೆಂಗಸರ ಬಟ್ಟಿ. ನಾವ ಕತ್ತರಿಸಿ, ನಾವ ಹೊಲಿದದ್ದು.”

ಗೋವರ್ಧನ್ ನಕ್ಕ. ಕೆಟ್ಟವನಲ್ಲ. ಹೇಗೂ ಖಾಲಿ ಬಿದ್ದ ಜಾಗ, ಹೋದರೆ ಏನು ಹೋಗುತ್ತದೆ ಎಂದು ಒಪ್ಪಿದ. ಪಾಲಮ್ಮ, ಅಂಬಮ್ಮ, ಸುಂಕಮ್ಮ ತಮ್ಮ ಓಣಿಯ ಹೆಂಗಸರ ಉಳಿತಾಯ ಸಂಘದ ನೆರವಿನಿಂದ ಹಳೆಯ ಮಿಷನ್ನು ತಂದು ಹಾಕಿದರು. ಹಲಗೆ ಹೊಡೆದು ಮುಚ್ಚಿದ್ದ ಓಣಿಯ ಬಾಗಿಲನ್ನು ತೆರೆಸಿದರು. ಒಂದು ಮೂಲೆಗೆ ಪರದೆ ಕಟ್ಟಿ, ತಲೆಯಿಂದ ಪಾದದವರೆಗೆ ಕಾಣುವ ಕನ್ನಡಿ ನಿಲ್ಲಿಸಿದರು. ಹಾಕಿ ನೋಡಿ, ಸರಿಯಾಗದಿದ್ದರೆ ಅಲ್ಲೇ ಬಿಚ್ಚಿ ಹೊಲಿದು ಕೊಡುವುದು ಪಾಲಮ್ಮನ ಯೋಚನೆ. ಲಂಗ, ನೈಟಿ, ಕುರ್ತಾಗಳ ಜತೆಗೆ ಹೆಂಗಸರ ಅಳತೆಯ ಜೀನ್ಸನ್ನೂ ಹೊಲಿದಿಟ್ಟರು. ಅದಕ್ಕೆ ಆಳವಾದ ಜೇಬು. ಒಳಗೆ ಒಂದು ಲೇಬಲ್ಲು, ಅದರ ಮೇಲೆ ‘ರಾಯದುರ್ಗ’ ಎಂದಷ್ಟೇ. ಸಗಟು ಅಂಗಡಿಯವನೊಬ್ಬ ಅದನ್ನು ಮಗುಚಿ ನೋಡಿ, “ಇದನ್ನ ಯಾರು ತಗಂತಾರಕ್ಕಾ?” ಎಂದು ಹಿಂದಕ್ಕೆ ಕೊಟ್ಟ.

ಮೊದಲ ವಾರ ಲಂಗ ಹೋದವು, ಜೀನ್ಸನ್ನು ಯಾರೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಪಾಲಮ್ಮ ಸುಂಕಮ್ಮನನ್ನು ಕೇಳಿದಳು, “ಎಷ್ಟು ವರ್ಷದಿಂದ ಹೊಲೀತೀಯ? ಒಂದು ದಿನನಾರ ಹಾಕಿ ನೋಡೀಯೇನು?”

“ನಾನ್ಯಾಕ ಹಾಕಲಿ ಬಿಡ್ರಿ ಅಕ್ಕಾ. ಮಂದಿ ನಗ್ತಾರ.”

“ಒಳಗ ಯಾವ ಮಂದಿ ಐತಿ? ಹೋಗು.”

ಸುಂಕಮ್ಮ ಪರದೆಯ ಹಿಂದೆ ಹೋದಳು. ಹಾಕಿಕೊಂಡು ಕನ್ನಡಿ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಹೊರಗೆ ಬಂದು ಕುಪ್ಪಸದ ಕೆಳಗೆ ಜೀನ್ಸ್ ಹಾಕಿಕೊಂಡೇ ಮಿಷನ್ನಿನ ಮುಂದೆ ಕೂತು ಪೆಡಲು ತುಳಿದು ನೋಡಿದಳು. “ಅಯ್ಯೋ, ಸೀರಿಯಂಗ ಪೆಡಲಿಗೆ ಸಿಗೋದಿಲ್ರಿ ಇದು, ಎಷ್ಟು ಹಗೂರ!” ನಗು ಕೇಳಿ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ನನ್ನಮ್ಮನೂ ಹೋದರು. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಬಂದರು. ಆ ದಿನ ಎಲ್ಲರೂ ಕೊಂಡರೆಂದಲ್ಲ. ಆದರೆ ಆ ಕನ್ನಡಿಯ ಮುಂದೆ ನಿಲ್ಲದ ಹೆಂಗಸು ಓಣಿಯಲ್ಲಿ ಉಳಿಯಲಿಲ್ಲ.

ಮಾತು ಹರಡಿತು. ಕಣೇಕಲ್ಲಿನಿಂದ ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿದ್ದ ಹುಡುಗಿಯರು ಓಡಲು ಅನುಕೂಲವಾದ ಪ್ಯಾಂಟು ಕೇಳಿಕೊಂಡು ಬಂದರು. ಪಾಲಮ್ಮ ಅವರನ್ನು ಓಣಿಯಲ್ಲಿ ಓಡಿಸಿ ನೋಡಿ, ಬಿಗಿಯಾದ ಕಡೆ ಬಿಚ್ಚಿಸಿ ಮತ್ತೆ ಹೊಲಿಸಿದಳು. ಬಸ್ ಕಂಡಕ್ಟರ್ ಆಗಿದ್ದ ಹೆಂಗಸರು, ಸ್ಕೂಟರಿನಲ್ಲಿ ಶಾಲೆಗೆ ಹೋಗುವ ಟೀಚರುಗಳು, ಸಂಜೆ ಕೆಲಸ ಬಿಟ್ಟ ಹೊಲಿಗೆಯವರು. ಓಣಿಯ ಬಾಗಿಲಿನಿಂದ ಒಳಬಂದವರು ಹಾಗೇ ದೊಡ್ಡ ಹಾಲಿಗೆ ಇಳಿದು ಬಳೆ, ಚಪ್ಪಲಿ, ಪಾತ್ರೆ ಕೊಂಡರು. ಸತ್ತಂತಿದ್ದ ಹಾಲಿಗೆ ಹಿಂದಿನ ಬಾಗಿಲಿನಿಂದ ಜೀವ ಬಂತು.

ಹಾಲ್ ಚೆನ್ನಾಗಿ ನಡೆಯತೊಡಗಿದ್ದೇ ಹೊರಗಿನ ಒಂದು ದೊಡ್ಡ ರೆಡಿಮೇಡ್ ಕಂಪನಿ ಗೋವರ್ಧನನ ಹತ್ತಿರ ಬಂತು. ಹೆಂಗಸರ ಜಾಗವೂ ಸೇರಿ ಅರ್ಧ ಹಾಲ್ ತಮಗೆ ಬೇಕು, ಓಣಿಯ ಬಾಗಿಲಿಗೆ ಗೋಡೆ ಕಟ್ಟಬೇಕು ಎಂದರು. ಗೋವರ್ಧನ್ ದಸರೆಗೆ ಮುಂಚೆ ಬಂದು, ಮಿಷನ್ನುಗಳ ನಡುವೆ ನೆಲ ನೋಡುತ್ತ ನಿಂತು ಹೇಳಿದ. “ಪಾಲಕ್ಕ, ಬ್ಯಾರೆ ಕಡೆ ನೋಡ್ಕಳ್ರಿ. ನನ್ನ ಕೈಯಾಗ ಇಲ್ಲ.”

ಸುಂಕಮ್ಮ ಕತ್ತರಿ ಕೆಳಗಿಟ್ಟು ಎದ್ದಳು. ಪಾಲಮ್ಮ ಅವಳ ತೋಳು ಹಿಡಿದು ಕೂರಿಸಿದಳು. “ಜಾಗ ನಿಮ್ಮದ್ರಿ. ಬಿಡ್ತೀವಿ,” ಎಂದಳು.

ಮರುದಿನ ಬೆಳಿಗ್ಗೆ ಅವರು ಮಿಷನ್ನುಗಳನ್ನು ಎತ್ತಿ ತಂದು ಇಳಿಸಿದ್ದು ಎದುರಿನ ನಮ್ಮ ಮನೆಯ ಕಟ್ಟೆಯ ಮೇಲೆ. ಪಾಲಮ್ಮ ಅಮ್ಮನನ್ನು ಹಿಂದಿನ ದಿನ ಸಂಜೆಯೇ ಕೇಳಿದ್ದಳಂತೆ. ಅಮ್ಮ ಒಳಗಿನಿಂದ ಕರೆಂಟಿನ ವೈರು ಎಳೆಸಿ, ದೇವರ ಮನೆಯ ಪಕ್ಕದ ಕೋಣೆಯನ್ನು ಬಟ್ಟೆ ಬದಲಿಸಲು ಬಿಟ್ಟುಕೊಟ್ಟರು. ಕಟ್ಟೆಯ ಮುಂದಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೀನ್ಸುಗಳನ್ನು ತೂಗಿಬಿಟ್ಟರು. ಕನ್ನಡಿ ಮರಕ್ಕೆ ಒರಗಿ ನಿಂತಿತು.

ಬಂದವರು ಕಟ್ಟೆಗೇ ಬಂದರು. ಬಾಗಿಲು ಮುಚ್ಚಿದ್ದರಿಂದ ಹಾಲಿಗೆ ಹೋಗುವವರಿಲ್ಲದಾಯಿತು. ದಸರೆಯ ದಿನಗಳಲ್ಲಿ ಬಳೆಯಂಗಡಿಯವನು ನೊಣ ಹೊಡೆಯುತ್ತ ಕೂತ. ನಮ್ಮ ಓಣಿಯಲ್ಲಿ ಮಾತ್ರ ಸೈಕಲ್ಲಿಗೂ ದಾರಿ ಇರಲಿಲ್ಲ.

ಆ ಜನರ ನಡುವೆ ಒಂದು ದಿನ ಬಿಳಿ ಪಂಚೆ, ಹೆಗಲಿಗೆ ಕಂಬಳಿಯ ಮುದುಕನೊಬ್ಬ ಬಂದು ಬೇವಿನ ಮರದಡಿ ನಿಂತ. ಜತೆಗೆ ಕಾಲೇಜಿನ ವಯಸ್ಸಿನ ಒಬ್ಬ ಹುಡುಗಿ. ಪಾಲಮ್ಮ ಯಾರಿಗೋ ಸೊಂಟದ ಅಳತೆ ತೆಗೆಯುತ್ತಿದ್ದವಳು ತಲೆಯೆತ್ತಿದಳು. ಅಳತೆಯ ಟೇಪು ಕೈಯಲ್ಲೇ ಉಳಿಯಿತು. ಅವಳ ಅಣ್ಣ ಗಂಗಣ್ಣ.

“ಇವ್ಳು ನನ್ನ ಮೊಮ್ಮಗಳು ಮೌನಿಕಾ,” ಅಂದ. “ಮಡಕಶಿರದ ಕಾಲೇಜಾಗೆ ಒಂದು ಉಡುಗಿ ಆಕ್ಕಂಡಿದ್ದ ಪ್ಯಾಂಟಿನಾಗೆ ರಾಯದುರ್ಗ ಅಂತ ಬರ್ದಿತ್ತಂತೆ. ಯಾರು ಒಲಿದಿದ್ದು ಅಂತ ಕೇಳಿದ್ರೆ ಟಾಕೀಸಿನ ಪಾಲಮ್ಮ ಅಂದ್ರಂತೆ. ನಮ್ಮ ಅಜ್ಜಿ ಅಲ್ವಾ ತಾತ, ನಾನು ನೋಡ್ಲೇಬೇಕು ಅಂತ ಅಟ ಇಡಿದು ಕರ್ಕಂಡು ಬಂದವ್ಳೆ.”

ಪಾಲಮ್ಮ ಹುಡುಗಿಯ ತಲೆ ಸವರಿದಳು. ಆಮೇಲೆ ಕೇಳಿದಳು, “ಬೀದ್ಯಾಗೆ ಕುಂತಿದೀನಿ ಅಣ್ಣಾ. ನೋಡಿದ್ಯಾ?”

“ನೋಡ್ದೆ ಕಣಮ್ಮಿ. ಅಷ್ಟು ಜನ ನಿನ್ನ ಎಸರು ಕೂಗ್ತಾ ನಿಂತವ್ರೆ. ಅದ್ನೂ ನೋಡ್ದೆ.” ಗಂಗಣ್ಣ ಕಂಬಳಿ ತೆಗೆದು ಕಟ್ಟೆಯ ಮೇಲಿಟ್ಟ. “ನಾನು ದೊಡ್ಡ ತಪ್ಪು ಮಾಡ್ದೆ ಅಂತ ಅಳಾಕೆ ಬಂದಿಲ್ಲ. ಕುಂತ್ಕಂಡು ಮಾಡೋ ಕೆಲ್ಸ ಏನಾರ ಐತಾ ಏಳು.”

ಅವನು ಸಂಜೆಯವರೆಗೂ ನಮ್ಮ ಕಟ್ಟೆಯ ಮೇಲೆ ಕೂತು ಪ್ಯಾಂಟು ಮಡಚಿಕೊಟ್ಟ. ಮೊದಲ ಕೆಲವನ್ನು ಕಂಬಳಿ ಮಡಚಿದ ಹಾಗೆ ಮಡಚಿದ್ದಕ್ಕೆ ಸುಂಕಮ್ಮ ಬೈದು ಕಲಿಸಿಕೊಟ್ಟಳು. ಹುಲುಗಪ್ಪ ಭಾವಮೈದುನನಿಗೆ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತ. ಪಾಲಮ್ಮ ಒಳಗೆ ಹೋಗಿ ನಮ್ಮಮ್ಮನ ಹೆಗಲಿಗೆ ಮುಖವಿಟ್ಟು ಅತ್ತು, ಮುಖ ತೊಳೆದುಕೊಂಡು ಬಂದು ಮತ್ತೆ ಟೇಪು ಹಿಡಿದಳು.

ಕಂಪನಿಯವರು ಜಾಗ ನೋಡಲು ಬಂದದ್ದು ಅದೇ ವಾರ. ಖಾಲಿ ಹಾಲಿನಲ್ಲಿ ನಡೆದು ಹೋಗಿ, ಗದ್ದಲ ಎಲ್ಲಿಂದ ಎಂದು ಕೇಳಿದರು. ಗೋವರ್ಧನನಿಗೆ ಹೇಳದೆ ಬೇರೆ ದಾರಿ ಇರಲಿಲ್ಲ. ಅವರು ಓಣಿಗೆ ಬಂದು ಬೇವಿನ ಮರದಡಿ ಸ್ವಲ್ಪ ಹೊತ್ತು ನಿಂತರು. ಅವರಲ್ಲಿ ಹಿರಿಯವನೊಬ್ಬ ಒಂದು ಪ್ಯಾಂಟನ್ನು ಮಗುಚಿ ಹೊಲಿಗೆ ನೋಡಿ ಗೋವರ್ಧನನಿಗೆ, “ನಿಮ್ಮ ಹಾಲಿಗೆ ಜನ ಬರ್ತಾರೆ ಅಂತ ಬಂದ್ವಿ. ಬರೋದು ಈಯಮ್ಮನ ಹತ್ರ,” ಎಂದು ಹೇಳಿ ಕಾರು ಹತ್ತಿದ. ಮತ್ತೆ ಬರಲಿಲ್ಲ. ಆ ಸಂಜೆ ಹಾಲಿನೊಳಗಿನ ಅಂಗಡಿಯವರೆಲ್ಲ ಒಟ್ಟಾಗಿ ಗೋವರ್ಧನನ ಮನೆಗೆ ಹೋದರು. ಪಾಲಮ್ಮನನ್ನು ಕರೆತರದಿದ್ದರೆ ತಾವೂ ಖಾಲಿ ಮಾಡುವುದಾಗಿ ಹೇಳಿದರು.

ಬೆಳಿಗ್ಗೆ ಗೋವರ್ಧನ್ ನಮ್ಮ ಕಟ್ಟೆಗೆ ಬಂದ. ಕೂರಲು ಜಾಗವಿರಲಿಲ್ಲ. ಬಟ್ಟೆಯ ಮೂಟೆಯ ಮೇಲೇ ಕೂತ.

“ಪಾಲಕ್ಕ, ತಪ್ಪಾತ್ರಿ. ವಾಪಸ್ ಬರ್ರಿ.”

ಪಾಲಮ್ಮ ಮಿಷನ್ನು ನಿಲ್ಲಿಸಿದಳು. “ಬರ್ತೀವ್ರಿ. ನಮ್ಮದೂ ಒಂದಿಷ್ಟು ಮಾತು ಐತಿ. ಓಣಿ ಬಾಗಿಲು ಯಾವತ್ತೂ ಮುಚ್ಚಬಾರದು. ಇವತ್ತು ಇರ್ರಿ, ನಾಳೆ ಹೋಗ್ರಿ ಅನ್ನಂಗಿಲ್ಲ, ಹತ್ತು ವರ್ಷಕ್ಕ ಬರೆದು ಕೊಡ್ರಿ.”

“ಆತು.”

“ಇನ್ನೊಂದು ಐತ್ರಿ. ಹೆಂಗಸರಿಗೆ ಒಂದು ಕಕ್ಕಸು ಕಟ್ಟಿಸ್ರಿ. ಹಳ್ಳಿಯಿಂದ ಬಂದೋರು ಈ ಬಜಾರಿನಾಗ ಎಲ್ಲಿಗೆ ಹೋಗಬೇಕು? ನೀರು ಕುಡಿಯದ ಬರ್ತಾರ ಪಾಪ.”

ಗೋವರ್ಧನ್ ಇದನ್ನು ನಿರೀಕ್ಷಿಸಿರಲಿಲ್ಲ. ಅವನ ಅಪ್ಪನ ಕಾಲದಿಂದಲೂ ಆ ಕಟ್ಟಡದಲ್ಲಿ ಅದು ಇರಲಿಲ್ಲ. “ಇಷ್ಟು ವರ್ಷ ಯಾರೂ ಕೇಳಲಿಲ್ಲಲ್ರಿ,” ಅಂದ.

“ಈಗ ಕೇಳಾಕತ್ತೀವಿ,” ಎಂದಳು ಸುಂಕಮ್ಮ.

ದೀಪಾವಳಿಯ ಹೊತ್ತಿಗೆ ಅದೂ ಆಯಿತು. ನೀರಿನ ಟ್ಯಾಂಕು, ಒಳಗೆ ಬಲ್ಬು, ಬಾಗಿಲಿಗೆ ಗಟ್ಟಿ ಅಗುಳಿ. ಹಳ್ಳಿಯ ಹೆಂಗಸರಲ್ಲಿ ಬಟ್ಟೆಗಿಂತ ಮೊದಲು ಅದರ ಸುದ್ದಿಯೇ ಹಬ್ಬಿತು. ಪಾಲಮ್ಮನವರು ಒಳಗೆ ಹೋದ ದಿನ ಹಾಲಿನೊಳಗಿನ ಅಂಗಡಿಯವರು ಮುಂದಿನ ಗಾಜಿನ ಬಾಗಿಲಿನಿಂದ ಬರಬೇಕೆಂದು ಹಾರ ಹಿಡಿದು ನಿಂತಿದ್ದರು. ಅವಳು ಓಣಿಯ ಕಡೆಯಿಂದಲೇ ಮಿಷನ್ನು ಸಾಗಿಸುತ್ತಿದ್ದುದರಿಂದ ಅವರೇ ಸುತ್ತಿಕೊಂಡು ಬಂದರು. ಆ ಹಾರವನ್ನು ಹುಲುಗಪ್ಪನ ಕೈಗೆ ಕೊಟ್ಟರು. ಅವನು ನಾಚಿಕೊಂಡು ಹೆಂಡತಿಯ ಕೊರಳಿಗೆ ಹಾಕಿದ. ಓಣಿಯೆಲ್ಲ ಚಪ್ಪಾಳೆ ತಟ್ಟಿತು.

ಈಗ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಹೊಲಿಯುತ್ತಾರೆ. ಕಟಿಂಗ್ ಮೇಜು ಅಂಬಮ್ಮನದು. ಹೊಸಬರಿಗೆ ಕಲಿಸುವವಳು, ಗದರಿಸುವವಳು ಸುಂಕಮ್ಮ. ‘ರಾಯದುರ್ಗ’ ಎಂಬ ಲೇಬಲ್ಲು ಬಳ್ಳಾರಿಯ ಅಂಗಡಿಗಳಿಗೂ ಹೋಗುತ್ತದೆ. ಮುಂದೆ ಒಂದು ದಿನ ಗಂಗಣ್ಣ ಮತ್ತೆ ಬಂದ. ಮೌನಿಕಾಗೆ ಕಾಲೇಜು ಮುಗಿದಿದೆ, ಮಡಕಶಿರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಖಾಲಿ ಇದೆ, ಅಜ್ಜಿಯ ಅಂಗಡಿಯನ್ನೇ ಅಲ್ಲೂ ಹಾಕಬೇಕೆನ್ನುತ್ತಾಳೆ ಎಂದ.

ಶುರುವಿನ ದಿನ ನಾನೂ ಹೋಗಿದ್ದೆ. ಎರಡು ಬಸ್ಸು ಬದಲಿಸಿ, ಮೂಟೆಗಳನ್ನು ಮೇಲೆ ಹಾಕಿಸಿಕೊಂಡು ಪಾಲಮ್ಮ ಬೆಳಿಗ್ಗೆಯೇ ಮಡಕಶಿರಾದಲ್ಲಿ ಇಳಿದಳು. ಅಮರಾಪುರದ ಕಡೆಯಿಂದ ಅವಳ ನೆಂಟರು, ಬಾಲ್ಯದ ಗೆಳತಿಯರು, ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಗೇ ಬಂದ ಹೆಂಗಸರು ಮಳಿಗೆಯ ಮುಂದೆ ನೆರೆದಿದ್ದರು. ಮೌನಿಕಾ ಕತ್ತರಿ ಕೊಟ್ಟಳು. ಪಾಲಮ್ಮ ರಿಬ್ಬನ್ನು ಕತ್ತರಿಸಿದಳು. ಗುಂಪಿನಲ್ಲಿದ್ದ ಗಂಗಣ್ಣ ಪಕ್ಕದವರಿಗೆಲ್ಲ “ನನ್ನ ತಂಗಿ” ಎನ್ನುತ್ತಲೇ ಇದ್ದ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ತಂದ ಮಾಲು ತಳ ಕಂಡಿತು. ಊಟಕ್ಕೆ ಕರೆದರೂ ಪಾಲಮ್ಮ ಎದ್ದಿರಲಿಲ್ಲ. ಒಂದು ಕೈಯಲ್ಲಿ ಅಳತೆಯ ಟೇಪು ಹಿಡಿದೇ ರಾಯದುರ್ಗಕ್ಕೆ ಫೋನು ಮಾಡಿದಳು.

“ಸುಂಕವ್ವಾ, ಕೇಳಿಸ್ತಾ? ನಾಳೆ ಬೆಳಗಿನ ಬಸ್ಸಿಗೆ ಇನ್ನೊಂದು ಮೂಟೆ ಹಾಕಿಸು. ದೊಡ್ಡ ಅಳತೆವು ಜಾಸ್ತಿ ಕಳಿಸವ್ವಾ. ನಮ್ಮೂರ ಹೆಂಗಸರು ರಾಗಿಮುದ್ದೆ ತಿನ್ನೋರು.”